ಜುಲೈವರೆಗೆ ಮಾತ್ರ

ಗ್ರಿಮ್ಸ್‌ಬಿ
ಗುರುವಾರ, ನವೆಂಬರ್ ೧೪

ಪ್ರೀತಿಯ ಲೊರೇನ್,

ಪೂರ್ತಿ ಓದು, ಆಮೇಲೆ ಬೈ. ಇವತ್ತು ನಾನು ಟೀಚರ್ ಕೆಲಸದ ಸಂದರ್ಶನಕ್ಕೆ ಹೋಗಿದ್ದೆ.

ಹೌದು, ನಾನೇ. ನಿನ್ನ ಜೊತೆ ಒಂದೇ ದಿನ ರಾಜೀನಾಮೆ ಎಸೆದವಳು. ತಪ್ಪು ತಿದ್ದಲು ಹಸಿರು ಪೆನ್ನು, ಮೆಚ್ಚಲು ನೇರಳೆ ಪೆನ್ನು, ತಪಾಸಣೆಗೆ ಬರುವವರ ಕಣ್ಣಿಗೆ ಬೀಳಲೆಂದು ಇನ್ನೊಂದು ಪೆನ್ನು, ಎಲ್ಲವನ್ನೂ ಸ್ಟಾಫ್ ರೂಮಿನ ಕಸದ ಬುಟ್ಟಿಗೆ ಹಾಕಿ ಬಂದವಳು. ಆಗ ನಮ್ಮನ್ನು ತಡೆಯಲು ಒಂದು ನರಪಿಳ್ಳೆಯೂ ಬರಲಿಲ್ಲ. ಈಗ ಬಸ್ಸಿನ ಬೆನ್ನ ಮೇಲೆಲ್ಲ ಜಾಹೀರಾತು: ಟೀಚರಾಗಿದ್ದವರೇ, ಮರಳಿ ಬನ್ನಿ, ಮಕ್ಕಳು ಕಾಯುತ್ತಿದ್ದಾರೆ. ತೂತು ಕೊಡಕ್ಕೆ ನೀರು ಹೊಯ್ಯುವ ಸರ್ಕಾರ. ತೂತು ಯಾರು ಕೊರೆದರು ಅಂತ ಮಾತ್ರ ಕೇಳಬಾರದು.

ಆದರೂ ಹೋದೆ. ಯಾಕೆ ಅಂತ ನಿನಗೆ ಗೊತ್ತು. ಪಾರ್ಸೆಲ್ ಗೋದಾಮಿನಲ್ಲಿ ಪೆಟ್ಟಿಗೆಗಳು ನನ್ನನ್ನು ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನ ಮಗು ಮಗ್ಗಿ ತಪ್ಪಿದರೆ ನನ್ನ ನಾಲಿಗೆ ತುರಿಸುತ್ತದೆ. ನಿನಗೂ ಹಾಗೆಯೇ ಆಗುತ್ತದೆ, ಇಲ್ಲ ಅನ್ನಬೇಡ.

ಶಾಲೆ ಬಂದರಿನ ಹಿಂದೆ ಇದೆ. ಒಂಬತ್ತು ವರ್ಷದ ಮಕ್ಕಳ ತರಗತಿ. ಪದ್ಧತಿ ಏನೂ ಬದಲಾಗಿಲ್ಲ. ಮೂವರು ಅಭ್ಯರ್ಥಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಒಂದೇ ಕೆಟಲ್ಲಿನ ಚಹಾ ಕುಡಿಸುತ್ತಾರೆ. ಒಬ್ಬರಿಗೊಬ್ಬರು ಒಳ್ಳೆಯದಾಗಲಿ ಅನ್ನಬೇಕು, ಹೊಟ್ಟೆಯೊಳಗೆ ಚಾಕು ಮಸೆಯಬೇಕು. ಮಧ್ಯಾಹ್ನ ಒಬ್ಬರನ್ನು ಮನೆಗೆ ಕಳಿಸುತ್ತಾರೆ. ಸಂಜೆ ಆರಿಸಿದವರನ್ನು ಕರೆದು ಕೆಲಸ ಕೊಡುತ್ತಾರೆ, ಅಲ್ಲೇ ಆಗಲೇ ಹ್ಞೂಂ ಅನ್ನಬೇಕು. ಯೋಚಿಸಿ ಹೇಳುತ್ತೇನೆ ಅನ್ನುವ ಹಾಗಿಲ್ಲ. ಸೋಫಾ ಕೊಳ್ಳುವವರಿಗೂ ಇದಕ್ಕಿಂತ ಹೆಚ್ಚು ಹೊತ್ತು ಕೊಡುತ್ತಾರೆ.

ಮಾಡಿ ತೋರಿಸಬೇಕಿದ್ದ ಪಾಠ ಚೆನ್ನಾಗಿಯೇ ಆಯಿತು. ಆಮೇಲೆ ಮಕ್ಕಳು ನಮ್ಮನ್ನು ಪ್ರಶ್ನೆ ಕೇಳುವ ಸರದಿ. ಲೈಬ್ರರಿಯಲ್ಲಿ ನಾಲ್ಕು ಮಕ್ಕಳು ಬಿಸ್ಕತ್ತಿನ ತಟ್ಟೆ ಮುಂದಿಟ್ಟುಕೊಂಡು ನ್ಯಾಯಾಧೀಶರ ಹಾಗೆ ಕೂತಿದ್ದರು. ಮೂವರು, ಶಾಲೆಯವರು ಬರೆದುಕೊಟ್ಟ ಪ್ರಶ್ನೆ ಓದಿದರು. ನಾಲ್ಕನೆಯವಳು ಟಿಲ್ಲಿ, ಮುಂದಿನ ಹಲ್ಲು ಅರ್ಧ ಬಂದಿದೆ. ಅವಳು ಚೀಟಿ ಮಡಚಿಟ್ಟು, "ಮಿಸ್, ನೀವು ಬಿಟ್ಟುಹೋಗ್ತೀರಾ?" ಅಂದಳು.

ಪಕ್ಕದಲ್ಲಿದ್ದ ಕೋಬಿ ಎಂಬ ಹುಡುಗ ಕಿಸಕ್ಕನೆ ನಕ್ಕ. "ಎಲ್ರೂ ಹೋಗ್ತಾರೆ ಮಿಸ್. ನಾವು ಬಾಜಿ ಕಟ್ತೀವಿ. ಹಿಂದಿನ ಸರ್ ಅಕ್ಟೋಬರ್ ರಜೆಗೇ ಓಡಿದ್ರು, ನಾನೇ ಗೆದ್ದಿದ್ದು."

ಈ ತರಗತಿಗೆ ಸೆಪ್ಟೆಂಬರಿನಿಂದ ಬಂದವರೆಲ್ಲ ಏಜೆನ್ಸಿ ಕಳಿಸಿದ ತಾತ್ಕಾಲಿಕ ಟೀಚರುಗಳು, ಲೊರೇನ್. ವಾರಕ್ಕೊಂದು ಮುಖ. ನಾನು ಟಿಲ್ಲಿಗೆ ಹೇಳಿದೆ: ಹೋಗಲ್ಲ ಕಣೇ, ನೀನು ಈ ಶಾಲೆ ಬಿಡೋವರೆಗೂ ಇಲ್ಲೇ ಇರ್ತೀನಿ. ಬಾಯಿಂದ ಬಂದುಬಿಟ್ಟಿತು.

ಶಾಲೆ ಬಿಡುವ ಹೊತ್ತಿಗೆ ಮುಖ್ಯೋಪಾಧ್ಯಾಯಿನಿ ಮಿಸೆಸ್ ಥಾರ್ಪ್ ಕರೆದರು. "ಮ್ಯಾಕ್ಸಿನ್, ನೀವೇ ಬೇಕು ಅಂತ ಎಲ್ಲರೂ ಒಪ್ಪಿದ್ದೇವೆ," ಅಂದರು. ನನ್ನ ಕಣ್ಣು ತುಂಬಿತ್ತು, ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಆಮೇಲೆ ಹೇಳಿದರು, ಈ ಶಾಲಾ ವರ್ಷ ಮುಗಿಯುವ ಜುಲೈವರೆಗೆ ಮಾತ್ರ. ಅದೂ ಹೊಸಬರ ಸಂಬಳದಲ್ಲಿ.

ಜಾಹೀರಾತಿನಲ್ಲಿ ಕಾಯಂ ಅಂತ ಇತ್ತಲ್ಲ ಅಂದೆ. ಅನುದಾನ ಬಂದಿಲ್ಲ ಅಂದರು. ನಾನು ಇಪ್ಪತ್ತು ವರ್ಷ ಪಾಠ ಮಾಡಿದವಳು, ಹೊಸಬಳು ಹೇಗಾದೆ ಅಂದೆ. "ನಡುವೆ ಬಿಟ್ಟಿದ್ರಲ್ಲ," ಅಂದರು ಮೆಲ್ಲಗೆ. ಪೆನ್ನು ಈಗಲೂ ಮೂರು ಬಣ್ಣವೇ ಅಂತ ಕೇಳಿದೆ. "ಈಗ ಎರಡೇ," ಅಂದು ನಕ್ಕರು. ಕೆಟ್ಟವರಲ್ಲ. ಅವರೂ ಸುಸ್ತಾಗಿದ್ದಾರೆ. ಆದರೆ ಸುಸ್ತಾದವರ ಕೈಯಲ್ಲೇ ತಾನೇ ಇಂಥ ಕೆಲಸವನ್ನೆಲ್ಲ ಮಾಡಿಸುವುದು.

ನಾನು ಎದ್ದು ನಿಂತು ಹೇಳಿದೆ: ಕಾಯಂ ಮಾಡಿ, ಇಲ್ಲವೇ ಬೇರೆಯವರನ್ನು ನೋಡಿಕೊಳ್ಳಿ. ನಾವು ಬಾಡಿಗೆ ಕುರ್ಚಿಗಳಲ್ಲ. ಈ ಮಕ್ಕಳೂ ಕುರ್ಚಿಗಳಲ್ಲ. ಹೇಳಿ ಕೋಟು ಹಾಕಿಕೊಂಡು ಹೊರಟೆ. ಮುಷ್ಕರದ ದಿನ ಇಬ್ಬರೂ ಗೇಟಿನಲ್ಲಿ ಫಲಕ ಹಿಡಿದು ನಿಂತಿದ್ದಾಗ ಇದ್ದ ಬಿಸಿ ಮೈಗೆ ಮತ್ತೆ ಬಂತು. ನೀನಿದ್ದಿದ್ದರೆ ಬೆನ್ನು ತಟ್ಟುತ್ತಿದ್ದೆ.

ಮನೆಗೆ ಬಂದಾಗಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ. ಚಹಾ ಮಾಡುತ್ತೇನೆ, ಕುಡಿಯುವುದಿಲ್ಲ. ಕಿಟಕಿ ತೆಗೆಯುತ್ತೇನೆ, ಮುಚ್ಚುತ್ತೇನೆ. ಸಿಟ್ಟು ಇಳಿಯಲಿ ಅಂತ ನಿನಗೆ ಬರೆಯಲು ಕೂತೆ. ಅದು ಇಳಿಯುತ್ತಿಲ್ಲ.

ನಿನ್ನ ಹಳೆಯ ಹಠಮಾರಿ,
ಮ್ಯಾಕ್ಸಿನ್

ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು: ಗೇಟಿನಲ್ಲಿ ಟಿಲ್ಲಿ ಅಜ್ಜಿಯ ಕೈ ಹಿಡಿದು ನಿಂತಿದ್ದಳು. ನನ್ನ ಮುಖ ನೋಡಿದವಳೇ ಎಲ್ಲ ತಿಳಿದುಕೊಂಡಳು. ಜೇಬಿನಿಂದ ಮೀನಿನ ಆಕಾರದ ರಬ್ಬರ್ ತೆಗೆದು ಪಕ್ಕದಲ್ಲಿ ನಿಂತಿದ್ದ ಕೋಬಿಯ ಕೈಗೆ ಕೊಟ್ಟಳು. "ತಗೋ, ನೀನೇ ಗೆದ್ದೆ," ಅಂದಳು. ನಾನು ಇರುತ್ತೇನೆ ಅಂತ ಬಾಜಿ ಕಟ್ಟಿದವಳು ಅವಳೊಬ್ಬಳೇ. ನಾನು ವಾಪಸು ಒಳಗೆ ಹೋಗಿ ಜುಲೈವರೆಗಿನ ಕಾಗದಕ್ಕೆ ಸಹಿ ಹಾಕಿದೆ, ಲೊರೇನ್. ಥಾರ್ಪ್ ಮುಂದೆಯೇ ಶಿಕ್ಷಕರ ಸಂಘಕ್ಕೆ ಫೋನು ಮಾಡಿ ಮತ್ತೆ ಸದಸ್ಯಳಾದೆ. ಈ ಜುಲೈ ಎಂಬುದನ್ನು ಹರಿದು ಹಾಕುವವರೆಗೆ ಅವರಿಗೆ ನಿದ್ದೆ ಕೊಡುವುದಿಲ್ಲ. ಆದರೆ ಒಬ್ಬಳ ಕೂಗಿಗೆ ಯಾರು ಹೆದರುತ್ತಾರೆ? ಪಕ್ಕದ ತರಗತಿಗೂ ಟೀಚರಿಲ್ಲ. ಈಗ ಬೈ. ಬೈದಾದ ಮೇಲೆ ನಿನ್ನ ಕೋಟು ಹುಡುಕು.