ಅರ್ಧಾಂಗಿಯ ಅರ್ಧ ಮಾತ್ರೆ

ಮಾರ್ಚ್ ೧೪, ರಾತ್ರಿ. ನಿದ್ರೆ ಹತ್ತಿರ ಸುಳಿಯುತ್ತಿಲ್ಲ.

ಈ ದ್ವೀಪದ ದೋಣಿಯವನಿಗೆ, ನಮ್ಮ ಆಸ್ಪತ್ರೆ ಹಡಗು ಹೋದ ಸಲ ಬಂದಾಗ, ಹೆಪಟೈಟಿಸ್ ಮಾತ್ರೆ ಕೊಟ್ಟಿದ್ದೆ. ಇವತ್ತು ನೋಡಿದರೆ ಯಕೃತ್ತು ಒಂಚೂರೂ ಸುಧಾರಿಸಿಲ್ಲ. ಯಾಕಯ್ಯಾ ಎಂದರೆ ನಕ್ಕ.

"ಅವಳಿಗೂ ಅದೇ ಕಾಯಿಲೆ ಡಾಕ್ಟ್ರೇ. ಅರ್ಧಾಂಗಿ ಅಲ್ವಾ, ದಿನಾ ಅರ್ಧರ್ಧ ನುಂಗ್ತೀವಿ."

ಮಾತ್ರೆ ಅರ್ಧವಾದರೆ ಪದ್ಯದಲ್ಲಿ ಛಂದಸ್ಸು ಕೆಡುತ್ತದೆ, ಇಲ್ಲಿ ಇಬ್ಬರ ಜೀವವೂ ಕೆಡುತ್ತದೆ ಎಂದೆ. ನನ್ನ ಶ್ಲೇಷೆಗೆ ನಾನೊಬ್ಬನೇ ನಕ್ಕೆ. ಪೆಟ್ಟಿಗೆಯಲ್ಲಿ ಉಳಿದಿರುವುದು ಒಬ್ಬರಿಗಾಗುವಷ್ಟೇ; ಮುಂದಿನ ಹಡಗು ಮಳೆಗಾಲ ಕಳೆದ ಮೇಲೆ.

"ಇವಳಿಗೇ ಕೊಡಿ," ಎಂದ, ಪಕ್ಕದಲ್ಲಿ ನಿಂತಿದ್ದ ಹೆಂಡತಿಯನ್ನು ತೋರಿಸಿ.

"ಸುಮ್ನಿರಿ, ದೋಣಿ ನಾನು ನಡೆಸ್ಲಾ? ಇವ್ರಿಗೇ ಕೊಡಿ," ಎಂದು ಹೆಂಡತಿ ಗದರಿದಳು.

ಬೆಳಿಗ್ಗೆ ಯಾರ ಕೈಗಿಟ್ಟರೂ, ನಮ್ಮ ಹಡಗು ಮರೆಯಾದ ಕೂಡಲೇ ಇವರು ಮತ್ತೆ ಪಾಲು ಮಾಡುತ್ತಾರೆ. ಮಾತ್ರೆಯಿದೆ. ಅದನ್ನು ಪೂರ್ತಿ ನುಂಗಿಸುವ ಮಾತು ಮಾತ್ರ ನನ್ನ ಪೆಟ್ಟಿಗೆಯಲ್ಲಿಲ್ಲ.