ನಡುದಾರಿಯಲ್ಲಿ ನನ್ನ ಇಂಧನದಂಗಡಿ

೯ ಜೂನ್, ಮಂಗಳವಾರ

"ಮಾವ, ಇವತ್ತೂ ನಷ್ಟ ಮಾಡ್ಕೊಂಡ್ರೆ ಆಟದ ತಂಡದಿಂದ ನಿನ್ನ ತೆಗೀತೀನಿ," ಅಂದಿದ್ದಳು ಅಕ್ಕನ ಮಗಳು. ದಿನವಿಡೀ ಅದೇ ಕೊರೆತ.

ನಮ್ಮದು ಹಡಗಿನಲ್ಲಿ ಗ್ರಹದಿಂದ ಗ್ರಹಕ್ಕೆ ಸರಕು ಸಾಗಿಸಿ ಮಾರುವ ಆನ್‌ಲೈನ್ ಆಟ. ಯಾವ ಗ್ರಹದಲ್ಲಿ ಯಾವ ಸರಕಿಗೆ ಒಳ್ಳೆ ಬೆಲೆ ಅಂತ ತೋರಿಸುವ ಆ್ಯಪ್ ಅವಳೇ ಮಾಡಿದ್ದು. ಆಟದವರೆಲ್ಲ ಅದನ್ನೇ ನಂಬುತ್ತಾರೆ. ಇವತ್ತು ಅದು ಕೆಂಪು ಗ್ರಹಕ್ಕೆ ತಾಮ್ರ ಒಯ್ಯಿರಿ ಅಂದಿತು. ಊರಿಗೂರೇ ಅತ್ತ ಓಡಿತು. ಇಷ್ಟು ಹಡಗು ಹೋದರೆ ವಾಪಸು ಬರಲು ಅಲ್ಲಿ ಇಂಧನ ಸಾಲುತ್ತದೆಯೇ? ನಾನು ತಾಮ್ರ ಮುಟ್ಟಲೇ ಇಲ್ಲ. ಹಡಗಿನ ತುಂಬ ಇಂಧನ ತುಂಬಿಕೊಂಡು ನಡುದಾರಿಯಲ್ಲಿ ಠಿಕಾಣಿ ಹೂಡಿದೆ.

ಮೊದಲು ಬಂದು ನಿಂತ ಹಡಗು ಅವಳದೇ!

"ಸ್ವಲ್ಪ ಕಡಿಮೆ ಮಾಡು ಮಾವ, ಪ್ಲೀಸ್!"

"ಚೌಕಾಸಿ ಇಲ್ಲ ತಾಯೀ, ಹಿಂದೆ ಜನ ಕಾಯ್ತಿದಾರೆ."

ತಂಡದಲ್ಲಿ ಇವತ್ತು ಎಲ್ಲರಿಗಿಂತ ಹೆಚ್ಚು ಲಾಭ ನನ್ನದು. ತೆಗೆಯುವ ಮಾತನ್ನು ಅವಳು ಎತ್ತಲೇ ಇಲ್ಲ. ನಾನು ಬಿಡುತ್ತೇನೆಯೇ, ಊಟಕ್ಕೆ ಕೂತಾಗ ಎರಡು ಸಲ ಕೇಳಿದೆ. ಮೀಸೆ ತಿರುವಿ ತಿರುವಿ ಕೈ ಸೋತಿದೆ, ಇನ್ನು ಬರೆಯಲು…