ಮೊಣಕೈ ಹಿಡಿದು ಕೊಡುವುದು

ಅಪ್ಪಾ,

ಇವತ್ತು ಸ್ಯಾನ್ ಮಟಿಯೋ ಆಫೀಸಿನಲ್ಲಿ ಹೊಸದಾಗಿ ಸೇರಿದ ಮುಲೆಂಗಾ ನನಗೆ ಕೇಕು ಕೊಟ್ಟಳು. ಬಲಗೈಯಲ್ಲಿ ತಟ್ಟೆ, ಎಡಗೈ ಬಲ ಮೊಣಕೈಗೆ ಆಸರೆ. ಥೇಟ್ ನಿಮ್ಮ ಹಾಗೆ! "ಕೈ ನೋವಾ?" ಅಂದೆ. ನಕ್ಕುಬಿಟ್ಟಳು. ಅವಳ ಜಾಂಬಿಯಾದಲ್ಲಿ ಮರ್ಯಾದೆಯಿಂದ ಕೊಡೋದೇ ಹೀಗಂತೆ.

ಮದುವೆಗೆ ಮೊದಲು ನೀವು ಅಲ್ಲಿನ ಗಣಿ ಊರು ಕಿಟ್ವೆಯಲ್ಲಿ ಗಣಿತದ ಮಾಸ್ತರಾಗಿದ್ದಿರಿ, ತಾಮ್ರದ ರೇಟು ಬಿದ್ದಮೇಲೆ ಹುಬ್ಬಳ್ಳಿಗೆ ವಾಪಸ್ ಬಂದಿರಿ. ನಮಗೆ ಗೊತ್ತಿದ್ದದ್ದು ಅಷ್ಟೇ. ನೀರಿನ ಲೋಟ, ಪೇಪರು, ನನ್ನ ರಬ್ಬರು, ಎಲ್ಲ ಮೊಣಕೈ ಹಿಡಿದೇ ಕೊಡುತ್ತಿದ್ದಿರಿ. ಆ ದೇಶದಲ್ಲೇ ಕೈಗೆ ಏನೋ ಆಗಿದೆ ಅಂತ ಅವ್ವ ದಿನಾ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಳು. ನೀವು ಕಣ್ಣು ಮುಚ್ಚಿ ಸುಮ್ಮನೆ ಕೂತಿರುತ್ತಿದ್ದಿರಿ.

ಯಾಕಪ್ಪಾ ಹೇಳಲಿಲ್ಲ? ಸಣ್ಣ ಹುಡುಗಿ ನನಗೂ ಮರ್ಯಾದೆ ಕೊಡ್ತಿದ್ರಾ, ಇಲ್ಲಾ ಬರೀ ರೂಢಿನಾ? ಆ ಊರು ಬಿಟ್ಟು ಬಂದದ್ದು ಅಷ್ಟು ಕಷ್ಟ ಆಗಿತ್ತಾ? ನನಗೆ ಒಂದೂ ತಿಳೀತಿಲ್ಲ.

ನೀವು ಹೋದಮೇಲೆ ಅವ್ವ ಇಲ್ಲೇ, ಆಫೀಸಿನಿಂದ ಒಂದು ಗಂಟೆ ದೂರದ ಡಬ್ಲಿನ್ ಅನ್ನೋ ಊರಲ್ಲಿ, ನನ್ನ ಜೊತೆಗೇ ಇದ್ದಾಳೆ. ಇದನ್ನೆಲ್ಲ ಹೇಳಬೇಕಂತಲೇ ಸಂಜೆ ಮೊಣಕೈ ಹಿಡಿದು ಚಹಾ ಕೊಟ್ಟೆ.

"ನಿನಗೂ ಬಂತೇನವಾ?" ಅಂತ ಗಾಬರಿಯಾಗಿ ಎಣ್ಣೆ ಬಿಸಿಮಾಡಲು ಎದ್ದಳು.

ನಾನೂ ಸುಮ್ಮನೆ ಕೈ ಚಾಚಿ ಕೂತೆ.